ಕಿಟಕಿ ಹಿಡಿದ ಕಠಾರಿ

ನಮ್ಮ ಅಡುಗೆಮನೆಯ ಕಿಟಕಿಯ ಸಂದಿಯಲ್ಲಿ ಒಂದು ಕಠಾರಿ ಇದೆ. ಗಾಬರಿಯಾಗಬೇಡಿ, ಮರದ್ದು. ಒಂದು ಗೇಣಿಗಿಂತ ಸ್ವಲ್ಪ ಉದ್ದ. ಹಿಡಿಕೆಗೆ ಕೆಂಪು ಬಣ್ಣ, ಅಲಗಿಗೆ ಮಿಠಾಯಿ ಡಬ್ಬಿಯ ಬೆಳ್ಳಿ ಕಾಗದ. ಕಾಗದ ಅಲ್ಲಲ್ಲಿ ಎದ್ದು ಹೋಗಿ ಒಳಗಿನ ಕಟ್ಟಿಗೆ ಕಾಣುತ್ತದೆ. ಅಂಧೇರಿಯ ನಮ್ಮ ಬಿಲ್ಡಿಂಗಿನಲ್ಲಿ ಜೂನ್ ಬಂತೆಂದರೆ ಗಾಳಿಗೆ ಈ ಸರಿಯುವ ಕಿಟಕಿ ಗಡಗಡ ಎಂದು ಹಲ್ಲು ಕಡಿಯುತ್ತದೆ. ರಿಪೇರಿಗೆ ಬಂದವನು, “ಆಂಟಿ, ಪೂರಾ ಫ್ರೇಮ್ ಬದಲ್‌ನಾ ಪಡೇಗಾ” ಎಂದ. ನಾನು ಬದಲಾಯಿಸಲಿಲ್ಲ. ಕಠಾರಿಯನ್ನು ಸಂದಿಗೆ ತುರುಕಿದೆ, ಕಿಟಕಿ ಬಾಯಿ ಮುಚ್ಚಿತು.

ಮೊನ್ನೆ ಭಾನುವಾರ ಮೊಮ್ಮಗಳು ಅನ್ವಿ ಆ ಕಿಟಕಿಯ ಪಕ್ಕದಲ್ಲೇ ಕುಳಿತು ಪಾಠ ಓದುತ್ತಿದ್ದಳು. ಒಂಬತ್ತನೆಯ ಇಯತ್ತೆ. ಇಂಗ್ಲಿಷ್ ಪುಸ್ತಕದಲ್ಲಿ ಯಾವುದೋ ಹಳೆಯ ದುರಂತ ನಾಟಕದ ಕೊನೆಯ ದೃಶ್ಯ. ನಾಯಕ ಎಲ್ಲ ಮುಗಿಯಿತೆಂದು ತಿಳಿದು ತನ್ನ ಕೈಯಾರೆ ಪ್ರಾಣ ಬಿಡುತ್ತಾನೆ. ಆಮೇಲೆ ನೋಡಿದರೆ ಏನೂ ಮುಗಿದಿರುವುದಿಲ್ಲ. ಕೆಳಗೆ ಪ್ರಶ್ನೆ: ನಾಯಕನ ಸಾವಿಗೆ ವಿಧಿ ಕಾರಣವೋ, ಮಾನ ಕಾರಣವೋ? ಐದು ಅಂಕ.

ಅವಳು ಪೆನ್ಸಿಲ್ ಕಚ್ಚುತ್ತ ಕೇಳಿದಳು, “ಅಜ್ಜಿ, ಇವನು ಥೋಡಾ ವೇಟ್ ಮಾಡಿದ್ರೆ ಸಬ್ ಠೀಕ್ ಆಗ್ತಿತ್ತು ನಾ? ಯಾಕೆ ವೇಟ್ ಮಾಡಲಿಲ್ಲ?”

ನಾನು ಒಗ್ಗರಣೆಗೆ ಇಟ್ಟಿದ್ದೆ. ಕೈ ಅಲ್ಲಿಯೇ ನಿಂತಿತು, ಸಾಸಿವೆ ಸೀದು ಹೋಯಿತು. ಐದು ಅಂಕದ ಆ ಪ್ರಶ್ನೆಗೆ ಉತ್ತರ ನನಗೆ ಗೊತ್ತಿತ್ತು. ಆದರೆ ಅದನ್ನು ಪರೀಕ್ಷೆಯಲ್ಲಿ ಬರೆದರೆ ಟೀಚರು ಒಂದು ಅಂಕವನ್ನೂ ಕೊಡಲಾರರು.

ದುರಂತ ನಾಟಕದ ವಿಷಯದಲ್ಲಿ ನಾನು ಯಾವ ಪ್ರೊಫೆಸರಿಗೂ ಸೋಲುವವಳಲ್ಲ. ಅವರು ಓದಿರುತ್ತಾರೆ, ನಾನು ಪಿಸುಗುಟ್ಟಿದ್ದೇನೆ. ಮಾಟುಂಗದ ನಮ್ಮ ಕನ್ನಡ ಸಂಘದಲ್ಲಿ ಇಪ್ಪತ್ತಾರು ವರ್ಷ ನಾನು ಪ್ರಾಂಪ್ಟರ್ ಆಗಿದ್ದೆ. ಪರದೆಯ ಮರೆಯಲ್ಲಿ ಸ್ಟೂಲಿನ ಮೇಲೆ ಕುಳಿತು, ನಟರು ಮರೆತ ಮಾತನ್ನು ಅವರ ಕಿವಿಗೆ ಮುಟ್ಟಿಸುವ ಕೆಲಸ. ನಾನು ಸಂಘಕ್ಕೆ ಸೇರಿದ್ದು ನಾಯಕಿಯಾಗಲು. ಆಗ ನಾಟಕ ಕಲಿಸುತ್ತಿದ್ದವರು ಕಟ್ಟಿ ಮಾಸ್ತರರು, ಮುನಿಸಿಪಾಲಿಟಿಯ ಕನ್ನಡ ಶಾಲೆಯಿಂದ ನಿವೃತ್ತರಾದವರು. ಒಂದು ಪುಟ ಓದಿಸಿ ನೋಡಿ, “ಕುಸುಮಾ, ನಿನ್ನ ಉಚ್ಚಾರ ಛಲೋ ಅದ, ಧ್ವನಿ ಛಲೋ ಅದ. ಮಾರಿ ಮ್ಯಾಲೆ ಮಾತ್ರ ಏನೂ ಕಾಣಂಗಿಲ್ಲ ನೋಡು” ಎಂದರು. ಮುಖ ಕಾಣದ ಜಾಗಕ್ಕೆ ನನ್ನನ್ನು ಕೂರಿಸಿದರು.

ಕೂರಿಸಿದ ಮೇಲೆ ಇನ್ನೊಂದು ಸತ್ಯ ಹೊರಬಿತ್ತು. ನನ್ನ ಪಿಸುಮಾತು ಕೊನೆಯ ಸಾಲಿನವರೆಗೂ ಕೇಳುತ್ತಿತ್ತು. ನಾಟಕ ಮುಗಿದ ಮೇಲೆ ಜನ ನಟರಿಗೆ ಕೈಕುಲುಕಿ, ಕೊನೆಗೆ ನನ್ನ ಬಳಿ ಬಂದು, “ಅಕ್ಕಾರ, ನಿಮ್ಮಿಂದ ಕಥಿ ಪೂರ್ತಿ ತಿಳೀತ್ರಿ” ಎನ್ನುತ್ತಿದ್ದರು. ನಮ್ಮ ಯಜಮಾನರು ಇದ್ದಷ್ಟು ದಿನ ಇದನ್ನೇ ಆಡಿಕೊಂಡರು. ಮಾಟುಂಗ ಸ್ಟೇಷನ್ನಿನ ಅನೌನ್ಸ್‌ಮೆಂಟಿಗಿಂತ ನಿನ್ನ ಗುಟ್ಟು ಸ್ಪಷ್ಟ ಎನ್ನುತ್ತಿದ್ದರು.

ನಾಟಕದ ಹುಚ್ಚು ಹತ್ತಿದ್ದು ಧಾರವಾಡದಲ್ಲಿ, ನಮ್ಮ ಆಯಿಯಿಂದ. ಆಯಿ ಅಂದರೆ ನಮ್ಮಪ್ಪನ ತಾಯಿ. ಊರಿಗೆ ನಾಟಕ ಕಂಪನಿ ಬಂದು ತಗಡಿನ ಥಿಯೇಟರ್ ಹಾಕಿತೆಂದರೆ, ಆಯಿ ಸೆರಗಿನಲ್ಲಿ ಹುರಿದ ಶೇಂಗಾ ಕಟ್ಟಿಕೊಂಡು ನನ್ನನ್ನು ಎಳೆದುಕೊಂಡು ಹೊರಡುತ್ತಿದ್ದಳು. ಅವಳಿಗೆ ಅಳುವ ನಾಟಕವೇ ಆಗಬೇಕು. ನಗಿಸುವ ನಾಟಕ ಮನೆಯಲ್ಲೇ ದಿನಾ ನಡೆಯುತ್ತದೆ, ಅದಕ್ಕೆ ಟಿಕೀಟು ಯಾಕೆ ಎಂಬುದು ಅವಳ ವಾದ. ನಾಯಕ ಸಾಯುವ ಹೊತ್ತಿಗೆ ಶೇಂಗಾ ಮುಗಿದು, ಸೆರಗು ಕಣ್ಣೊರೆಸಲು ಖಾಲಿಯಾಗಿರುತ್ತಿತ್ತು.

ಆದರೆ ಒಂದು ಕಟ್ಟುನಿಟ್ಟು. ಮಂಗಳ ಹಾಡುವ ತನಕ ಏಳುವ ಹಾಗಿಲ್ಲ. ಕಂಪನಿ ನಾಟಕದಲ್ಲಿ ಕೊನೆಗೆ ಎಲ್ಲ ಪಾತ್ರಧಾರಿಗಳೂ ಸಾಲಾಗಿ ನಿಂತು ಮಂಗಳ ಹಾಡುತ್ತಾರಲ್ಲ, ಸತ್ತವರೂ ಸೇರಿ. ಅವಸರದ ಜನ ಎದ್ದು ಹೊರಡುತ್ತಿದ್ದರು. ಆಯಿ ಮಾತ್ರ ಕತ್ತು ಚಾಚಿ, ಐದು ನಿಮಿಷದ ಹಿಂದೆ ಸತ್ತವನನ್ನು ಹುಡುಕುತ್ತಿದ್ದಳು. ಅವನು ಕಂಡ ಮೇಲೆಯೇ, “ಎದ್ದಾನ ನೋಡು. ಇನ್ನ ನಡಿ” ಎನ್ನುತ್ತಿದ್ದಳು. ಒಮ್ಮೆ ಸತ್ತ ನಾಯಕ ಮಂಗಳಕ್ಕೆ ಬರಲಿಲ್ಲ. ಆಯಿ ನನ್ನ ಕೈ ಹಿಡಿದು ನೆಟ್ಟಗೆ ಪರದೆಯ ಹಿಂದೆ ನುಗ್ಗಿದಳು. ಅವನು ಕಿರೀಟ ತೆಗೆದಿಟ್ಟು ಬಶಿಯಲ್ಲಿ ಚಹಾ ಸುರುವಿಕೊಂಡು ಕುಡಿಯುತ್ತಿದ್ದ. “ಮುಂದ ಬಂದು ನಿಂದರಬೇಕಪಾ ನೀ. ಜನಾ ನಿನ್ನ ಸತ್ತಾಂವ ಅಂತ ಮನಿಗೆ ಒಯ್ಯಬಾರದು” ಎಂದು ಬೈದು ಬಂದಳು.

ಆಯಿಗೆ ಈ ಹಟ ಯಾಕಿತ್ತೆಂದು ನನಗೆ ತಿಳಿದದ್ದು ಬಹಳ ತಡವಾಗಿ. ನಮ್ಮ ಓಣಿಯಲ್ಲಿ ಒಬ್ಬ ಹೆಣ್ಣುಮಗಳು, ತನ್ನ ಮೇಲೆ ಯಾರೋ ಹೊರಿಸಿದ ಸುಳ್ಳು ಮಾತಿಗೆ ನೊಂದು, ತಾನಾಗಿಯೇ ಜೀವ ಕಳೆದುಕೊಂಡಿದ್ದಳಂತೆ. ಅವಳು ಇದ್ದಾಗ ಯಾರೂ ಅವಳ ಮನೆಯ ಹೊಸಲು ತುಳಿದಿರಲಿಲ್ಲ. ಹೋದ ಮೇಲೆ ಓಣಿಗೆ ಓಣಿಯೇ ಬಂದು “ಮಾನವಂತಿ, ಮಾನವಂತಿ” ಎಂದು ಹಾಡಿ ಹೊಗಳಿತು. ಆಯಿ ಆ ಮಾತನ್ನು ನೆನೆದಾಗಲೆಲ್ಲ ಸಿಟ್ಟಾಗುತ್ತಿದ್ದಳು. “ಅಕಿ ಬಾಗಲದಾಗ ನಿಂತು ಒಂದ್ ಮಾತು ‘ಊಟಾ ಆತೇನವಾ’ ಅಂದಿದ್ರ ಸಾಕಿತ್ತು. ನಾನೂ ಅನ್ನಲಿಲ್ಲ” ಎನ್ನುತ್ತಿದ್ದಳು. ಆ ಕೊನೆಯ ಎರಡು ಮಾತನ್ನು ಹೇಳುವಾಗ ಅವಳ ದನಿ ಇಳಿಯುತ್ತಿತ್ತು.

ಎಲ್ಲಿಂದ ಎಲ್ಲಿಗೋ ಬಂದೆ. ಪ್ರಾಂಪ್ಟರಿಗೆ ಇದೊಂದು ಕಷ್ಟ, ಪುಸ್ತಕ ಕೈಯಲ್ಲಿ ಇಲ್ಲದಿದ್ದರೆ ಮಾತು ಹಳಿ ತಪ್ಪುತ್ತದೆ. ಕಠಾರಿಯ ವಿಷಯಕ್ಕೆ ಬರುತ್ತೇನೆ.

ನಮ್ಮ ಸಂಘದಲ್ಲಿ ಒಂದು ಹಳೆಯ ನಾಟಕದ ಕೈಬರಹದ ಪ್ರತಿ ಇತ್ತು. ಯಾರು ಬರೆದರೋ ಗೊತ್ತಿಲ್ಲ. ಮೊದಲ ಪುಟ ಗೆದ್ದಲಿನ ಪಾಲಾಗಿತ್ತು. ಸಂಘದವರೆಲ್ಲ ಅದನ್ನು ‘ದಳವಾಯಿ ನಾಟಕ’ ಎನ್ನುತ್ತಿದ್ದೆವು. ಕಥೆ ಸರಳ. ಕೋಟೆಯ ಕಾವಲಿಗೆ ನಿಂತ ದಳವಾಯಿ, ಬಂದವರು ತಮ್ಮವರೇ ಎಂದು ನಂಬಿ, ಸರಿಯಾಗಿ ನೋಡದೆ ಬಾಗಿಲು ತೆಗೆಸುತ್ತಾನೆ. ಬಂದವರು ಶತ್ರುಗಳು. ಹೋರಾಡಿ ಅವರನ್ನು ಅಟ್ಟಿದ ಮೇಲೆ ಕೋಟೆ ಉಳಿಯುತ್ತದೆ, ದಳವಾಯಿಯ ಹೆಸರು ಉಳಿಯುವುದಿಲ್ಲ. ಮಾನ ಹೋದ ಮೇಲೆ ಬದುಕಿ ಏನು ಎಂದು ಅವನು ಅರ್ಧ ಗಂಟೆ ಮಾತಾಡಿ ಕಠಾರಿ ಎತ್ತುತ್ತಾನೆ. ಅವನು ಬಿದ್ದ ಮರುಕ್ಷಣ ಓಲೆಕಾರ ಓಡಿ ಬರುತ್ತಾನೆ, ಕೈಯಲ್ಲಿ ಅರಸನ ಕ್ಷಮಾಪತ್ರ. ‘ಅಯ್ಯೋ, ತಡವಾಯಿತೇ’ ಎಂದು ಎದೆ ಬಡಿದುಕೊಳ್ಳುತ್ತಾನೆ. ಪರದೆ ಬೀಳುತ್ತದೆ. ಮೂರು ವರ್ಷಕ್ಕೊಮ್ಮೆ ಆಡುತ್ತಿದ್ದೆವು, ಪ್ರತಿ ಸಲವೂ ಸಭಾಗೃಹ ತುಂಬುತ್ತಿತ್ತು.

ಓಲೆಕಾರನ ಪಾತ್ರ ಸದಾನಂದನದು. ಉಡುಪಿ ಕಡೆಯವನು, ಡೊಂಬಿವಲಿಯಲ್ಲಿ ಮನೆ, ಬ್ಯಾಂಕಿನಲ್ಲಿ ಗುಮಾಸ್ತ. ಅವನು ತಾಲೀಮಿಗೆ ಒಂದು ದಿನವೂ ಹೊತ್ತಿಗೆ ಬಂದವನಲ್ಲ. ಭಾನುವಾರ ಹಳಿ ರಿಪೇರಿಯ ಮೆಗಾಬ್ಲಾಕ್ ಎಂದು ಅರ್ಧ ಲೋಕಲ್ ರೈಲುಗಳೇ ಇರುವುದಿಲ್ಲ, ಪಾಪ ಅವನಾದರೂ ಏನು ಮಾಡಿಯಾನು. ನಾಟಕ ಬರೆದವರು ವಿಧಿ ಎಂದು ಯಾವುದನ್ನು ಕರೆದರೋ, ಮುಂಬಯಿಯಲ್ಲಿ ಅದಕ್ಕೆ ಮೆಗಾಬ್ಲಾಕ್ ಎನ್ನುತ್ತೇವೆ ಎಂದು ನಾವು ನಗುತ್ತಿದ್ದೆವು.

ದಳವಾಯಿ ವೀರಣ್ಣ. ಬೈಲಹೊಂಗಲದ ಕಡೆಯವರು, ನನಗಿಂತ ನಾಲ್ಕು ವರ್ಷ ಚಿಕ್ಕವರು. ಪವಾಯಿಯಲ್ಲಿ ದೊಡ್ಡ ವಸತಿ ಕಟ್ಟಡ ಕಟ್ಟಿಸುವ ಒಬ್ಬ ಬಿಲ್ಡರ್ ಹತ್ತಿರ ಸೂಪರ್‌ವೈಸರ್. ಆರು ಅಡಿ ಎತ್ತರ, ಗುಡುಗಿನಂಥ ದನಿ. ಅವರು ದಳವಾಯಿಯಾಗಿ ಅಬ್ಬರಿಸಿದರೆ ಮುಂದಿನ ಸಾಲಿನ ಮಕ್ಕಳು ಅಳುತ್ತಿದ್ದವು. ಸಾಯುವ ಮಾತುಗಳನ್ನಂತೂ ಹಬ್ಬದೂಟ ಬಡಿಸುವ ಹಾಗೆ ಹೇಳುತ್ತಿದ್ದರು. ಅಷ್ಟು ಸಂತೋಷವಾಗಿ ಪ್ರಾಣ ಬಿಡುವವರನ್ನು ನಾನು ನೋಡಿರಲಿಲ್ಲ.

ಎಂಟು ವರ್ಷದ ಹಿಂದೆ, ಮತ್ತೆ ದಳವಾಯಿ ನಾಟಕದ ತಾಲೀಮು ಶುರುವಾಗಿತ್ತು. ಒಂದು ಶನಿವಾರ ಎಲ್ಲರೂ ಬಂದರೂ ವೀರಣ್ಣ ಬರಲಿಲ್ಲ. ಮಾಸ್ತರರ ಸಿಡಿಮಿಡಿ ತಾಳಲಾರದೆ ನಾನೇ ಫೋನು ಮಾಡಿ, “ಎಲ್ಲಾರೂ ಕಾಯಾಕ ಹತ್ತೇವ್ರಿ, ಲಗೂನ ಬರ್ರಿ” ಎಂದೆ. ಅವರು ಆಗ ಒಂದು ಕಂಪೌಂಡ್ ಗೋಡೆಯನ್ನು ಪರೀಕ್ಷಿಸಿ ಸಹಿ ಮಾಡಬೇಕಿತ್ತಂತೆ. ಗೋಡೆಯ ಹತ್ತಿರ ಹೋಗಲಿಲ್ಲ, ಕಾಗದಕ್ಕೆ ಸಹಿ ಹಾಕಿ ಬಂದರು. ಮುಂದಿನ ವಾರ ಮಳೆಗೆ ಆ ಗೋಡೆ ಬಿತ್ತು. ಯಾರೂ ಸಾಯಲಿಲ್ಲ. ಯಮನಪ್ಪ ಎಂಬ ವಾಚ್‌ಮನ್ನನ ಕಾಲು ಮುರಿಯಿತು. ವಿಜಯಪುರದ ಕಡೆಯ ಮನುಷ್ಯ, ವೀರಣ್ಣನವರೇ ಕರೆತಂದು ಕೆಲಸಕ್ಕೆ ಹಚ್ಚಿದವನು.

ವೀರಣ್ಣನವರನ್ನು ಸಸ್ಪೆಂಡ್ ಮಾಡಿದರು. ಮರಾಠಿ ಪೇಪರಿನಲ್ಲಿ ಹೆಸರು ಬಂತು. ಅದನ್ನು ಅವರ ಬಿಲ್ಡಿಂಗಿನವರು ಯಾರೋ ನೋಟೀಸ್ ಬೋರ್ಡಿಗೆ ಅಂಟಿಸಿದ್ದರಂತೆ. ಊರಿನಿಂದ ಅಣ್ಣ ಫೋನು ಮಾಡಿ, “ನಮ್ಮ ಮನೆತನದಾಗ ಇಂಥಾದ್ದು ಆಗಿದ್ದಿಲ್ಲ” ಎಂದರಂತೆ. ಇಷ್ಟಾದರೂ ವೀರಣ್ಣ ತಾಲೀಮನ್ನು ಒಂದು ದಿನವೂ ತಪ್ಪಿಸಲಿಲ್ಲ. ನಾವೆಲ್ಲ ಅದನ್ನು ಧೈರ್ಯವೆಂದು ತಿಳಿದೆವು.

ಆದರೆ ದಳವಾಯಿಯ ದನಿ ಬದಲಾಗಿತ್ತು. ಮೊದಲು ಗುಡುಗುತ್ತಿದ್ದವರು ಈಗ ಸಾಯುವ ಮಾತುಗಳನ್ನು ಮೆಲ್ಲಗೆ, ಯಾರಿಗೋ ವಿಳಾಸ ಹೇಳಿದ ಹಾಗೆ ಹೇಳತೊಡಗಿದರು. ಕಟ್ಟಿ ಮಾಸ್ತರರು ಕಣ್ಣಲ್ಲಿ ನೀರು ತಂದುಕೊಂಡು, “ಇದು ನೋಡ್ರಿ ಅಭಿನಯ ಅಂದ್ರ” ಎಂದರು. ಎಲ್ಲರೂ ಹೌದೆಂದರು. ನನ್ನ ಕೈಯಲ್ಲಿ ಪುಸ್ತಕವಿತ್ತು. ಆ ಪುಟದಲ್ಲಿ ವೀರಣ್ಣ ಪ್ರತಿ ಸಲ ಎಡವುವ ನಾಲ್ಕು ಜಾಗಕ್ಕೆ ನಾನು ಕೆಂಪು ಗುರುತು ಹಾಕಿಟ್ಟಿದ್ದೆ. ಈ ಸಲ ಅವರು ಒಂದು ಕಡೆಯೂ ಎಡವಲಿಲ್ಲ. ಇಪ್ಪತ್ತು ವರ್ಷ ನನ್ನ ಬಾಯಿ ನೋಡಿ ಸಾಯುತ್ತಿದ್ದ ಮನುಷ್ಯನಿಗೆ ಈಗ ನನ್ನ ಸಹಾಯ ಬೇಕಾಗಿರಲಿಲ್ಲ. ನನಗೆ ಅಂಜಿಕೆಯಾಯಿತು.

ಮುಂದಿನ ವಾರ ಅವರು ತಮ್ಮ ಬಣ್ಣದ ಪೆಟ್ಟಿಗೆಯನ್ನು ಸದಾನಂದನಿಗೆ ಕೊಟ್ಟರು. “ನಂಗಿನ್ನ ಬ್ಯಾಡ, ನೀವ ಇಟಗೋರಿ” ಎಂದರಂತೆ. ಸದಾನಂದ ಖುಷಿಯಿಂದ ಬಂದು ನನಗೆ ತೋರಿಸಿದ. ಅಂದು ತಾಲೀಮು ಮುಗಿದ ಮೇಲೆ ನಾನು ವೀರಣ್ಣನವರ ಜೊತೆಗೇ ಸ್ಟೇಷನ್ನಿಗೆ ನಡೆದೆ. ಹೂವಿನ ಅಂಗಡಿಗಳ ಸಾಲಿನಲ್ಲಿ ಸಂಜೆಯ ಗದ್ದಲ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕುಳಿತೆವು. ಎರಡು ಲೋಕಲ್ ಬಿಟ್ಟೆವು. ಹೇಗೆ ಕೇಳಬೇಕೆಂದು ಯಾವ ಪುಸ್ತಕದಲ್ಲೂ ಬರೆದಿರಲಿಲ್ಲ.

“ವೀರಣ್ಣ, ನೆಟ್ಟಗ ಕೇಳತೇನಿ, ಸಿಟ್ಟಾಗಬ್ಯಾಡ್ರಿ. ಜೀವಾ ತಕ್ಕೊಳ್ಳೊ ವಿಚಾರ ಏನರ ಐತೇನು?”

ಅವರು ಸಿಟ್ಟಾಗಲಿಲ್ಲ. ಗಾಬರಿಯನ್ನೂ ಪಡಲಿಲ್ಲ. ಹಳಿಗಳ ಕಡೆ ನೋಡುವುದನ್ನು ಬಿಟ್ಟು ತಮ್ಮ ಅಂಗೈ ನೋಡಿಕೊಂಡರು. “ಮೊದಲ ನಾಟಕ ಒಂದ್ ಆಗಿ ಹೋಗ್ಲಿ ಬಿಡ್ರಿ ಅಕ್ಕಾರ” ಎಂದರು.

ನಾನು ಅವರನ್ನು ಒಬ್ಬರನ್ನೇ ಬಿಡಲಿಲ್ಲ. ಅವರ ಗಾಡಿಯನ್ನೇ ಹತ್ತಿ, ಅವರ ಮನೆಗೇ ಹೋದೆ. ಅವರ ಹೆಂಡತಿ ಶಾಂತಾ ಬಾಗಿಲು ತೆಗೆದಳು. ಅಡುಗೆಮನೆಗೆ ಕರೆದುಕೊಂಡು ಹೋಗಿ ಎಲ್ಲ ಹೇಳಿದೆ. ಅವಳು ಚಪಾತಿ ಲಟ್ಟಿಸುತ್ತಲೇ ಕೇಳಿಸಿಕೊಂಡಳು.

“ನಂಗೂ ಹಂಗ ಅನಸೇತ್ರಿ ಅಕ್ಕಾರ. ಬಾಯಿ ಬಿಟ್ಟು ಕೇಳಾಕ ಅಂಜಿಕಿ. ಕೇಳಿದ್ರ, ಇಲ್ಲದ ವಿಚಾರ ನಾನ ತಲ್ಯಾಗ ಹಾಕಿದಂಗ ಆಗ್ತೈತೇನೋ ಅಂತ.”

“ಅದು ಆಗಲೇ ಬಂದ್ ಕುಂತೈತಿ ಶಾಂತಾ. ನಾವು ಕೇಳಿದ್ರ ಅದಕ್ಕ ಹೊರಗ ಹೋಗಾಕ ಒಂದ್ ಬಾಗಲ ಆಗ್ತೈತಿ” ಎಂದೆ. ಇದನ್ನು ನಾನು ಎಲ್ಲಿಂದ ಕಲಿತೆ ಎಂದು ಕೇಳಬೇಡಿ. ಆಯಿಯ ಇಳಿದ ದನಿ ಕಿವಿಯಲ್ಲಿತ್ತು.

ಅಂದಿನಿಂದ ಶಾಂತಾ ಗಂಡನನ್ನು ಒಂಟಿಯಾಗಿ ಬಿಡಲಿಲ್ಲ. ಶಾಂತಾಳ ತಮ್ಮ ಬೆಳಗಾವಿಯಿಂದ ಬಂದು ಉಳಿದ. ಡಾಕ್ಟರ ಹತ್ತಿರ ಹೋಗೋಣ ಎಂದರೆ ವೀರಣ್ಣ ಅದೇ ಮಾತು ಹೇಳುತ್ತಿದ್ದರು, ನಾಟಕ ಆಗಲಿ. ಪಾತ್ರ ಬದಲಾಯಿಸಿ ಎಂದು ನಾನು ಮಾಸ್ತರರ ಕಾಲು ಹಿಡಿಯುವುದೊಂದು ಬಾಕಿ. ಅವರು, “ನಾಟಕಾನ ಅವನ್ನ ಹಿಡದು ನಿಲ್ಲಿಸೇದ ಕುಸುಮಾ. ಅದನ್ನೂ ಕಸಗೋಬ್ಯಾಡ” ಎಂದರು. ಅದರಲ್ಲಿಯೂ ಸತ್ಯವಿತ್ತು. ಹಾಗಾಗಿ ನಾಟಕದ ದಿನ ಬಂತು.

ಭಾನುವಾರ ಮಧ್ಯಾಹ್ನದ ಪ್ರಯೋಗ. ಮೆಗಾಬ್ಲಾಕಿಗೆ ಹೆದರಿ ಸದಾನಂದ ಬೆಳಗಿನ ತಿಂಡಿಯ ಹೊತ್ತಿಗೇ ಮಾಟುಂಗಕ್ಕೆ ಬಂದಿಳಿದಿದ್ದ. ಅವನ ಜೀವನದಲ್ಲಿ ಮೊದಲ ಸಲ. ಎರಡು ಮಸಾಲೆದೋಸೆ ತಿಂದು, ಓಲೆಕಾರನ ರುಮಾಲು ಸುತ್ತಿಕೊಂಡು, ಕ್ಷಮಾಪತ್ರ ಹಿಡಿದು ನನ್ನ ಸ್ಟೂಲಿನ ಪಕ್ಕದಲ್ಲಿ ನಿಂತಿದ್ದ. ನಮ್ಮಲ್ಲೊಂದು ಪದ್ಧತಿ. ಪಾತ್ರ ಯಾವಾಗ ಒಳಹೋಗಬೇಕೆಂದು ನಿರ್ಧರಿಸುವುದು ಪ್ರಾಂಪ್ಟರ್. ಸುತ್ತಿದ ಪುಸ್ತಕದಿಂದ ಬೆನ್ನಿಗೆ ಒಮ್ಮೆ ತಟ್ಟಿದರೆ ನಟ ಕಣ್ಣುಮುಚ್ಚಿಕೊಂಡು ರಂಗಕ್ಕೆ ಹೋಗಬೇಕು. ಪುಸ್ತಕ ಬಿಡಿಸಿ ಓದುವ ಕೈಯೇ ಅದನ್ನು ಸುತ್ತಿ ತಟ್ಟುತ್ತಿತ್ತು. ಒಂದು ಸಲವೂ ತಪ್ಪಿರಲಿಲ್ಲ. ಅದು ನನ್ನ ಹೆಮ್ಮೆಯಾಗಿತ್ತು.

ಮೊದಲ ಸಾಲಿನಲ್ಲಿ ಶಾಂತಾ. ರಂಗದ ಮೇಲೆ ವೀರಣ್ಣ ಅರ್ಧ ಗಂಟೆಯ ಮಾತನ್ನು ಹೇಳುತ್ತ ಬಂದರು. ಕೊನೆಯ ಮಾತು ಹೇಳಿ ಕಠಾರಿ ಎತ್ತಿದರು. ಎತ್ತಿದವರು ನಿಂತರು. ಅಲ್ಲಿ ಅಷ್ಟು ಹೊತ್ತು ನಿಲ್ಲುವುದು ಪುಸ್ತಕದಲ್ಲಿ ಇರಲಿಲ್ಲ. ಅವರು ಶಾಂತಾಳನ್ನು ನೋಡಿದರು, ಕಣ್ಣು ಮುಚ್ಚಿದರು. ಕೈಯಲ್ಲಿರುವುದು ಮರದ ತುಂಡೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೂ, ಇವತ್ತು ಈ ಮನುಷ್ಯ ಇಷ್ಟು ಜನರ ಮುಂದೆ ಸತ್ತು, ಅಷ್ಟೂ ಜನ ಚಪ್ಪಾಳೆ ತಟ್ಟಿಬಿಟ್ಟರೆ, ಅದು ಅವರಿಗೆ ಒಪ್ಪಿಗೆ ಕೊಟ್ಟ ಹಾಗೆ ಆಗುತ್ತದೆ ಎನ್ನಿಸಿತು. ಓಣಿಯವರು ‘ಮಾನವಂತಿ’ ಎಂದ ಹಾಗೆ.

ನಾನು ಪುಸ್ತಕ ಸುತ್ತಿ ಸದಾನಂದನ ಬೆನ್ನಿಗೆ ತಟ್ಟಿದೆ.

ಹೌದು, ನಾನೇ. ಇಷ್ಟು ವರ್ಷ ಎಲ್ಲರೂ ಸದಾನಂದನನ್ನು ಬೈದಿದ್ದಾರೆ, ಹುಟ್ಟಿದಾಗಿನಿಂದ ತಡವಾಗಿ ಬಂದವನು ಅವತ್ತೊಂದು ದಿನ ಮುಂಚೆ ಹೋದ ಎಂದು ಆಡಿಕೊಂಡಿದ್ದಾರೆ. ಅವನಿಗೂ ತನ್ನದೇ ತಪ್ಪೆಂದು ನಂಬಿಕೆ. ನನ್ನ ಪುಸ್ತಕ ಅಕಸ್ಮಾತ್ ತಾಗಿತೆಂದು ತಿಳಿದಿದ್ದಾನೆ. ಸದಾನಂದಾ, ಇದನ್ನು ಓದುತ್ತಿದ್ದರೆ ಕ್ಷಮಿಸು. ತಾಗಿದ್ದಲ್ಲ, ತಟ್ಟಿದ್ದು. ಇಪ್ಪತ್ತಾರು ವರ್ಷದಲ್ಲಿ ನಾನು ಬೇಕೆಂದು ಮಾಡಿದ ಒಂದೇ ತಪ್ಪು ಅದು, ಮತ್ತು ಅದನ್ನು ಇನ್ನೊಮ್ಮೆ ಮಾಡಲು ನಾನು ತಯಾರು.

ಸದಾನಂದ ಓಡಿ ಹೋದ. ಹೋದವನೇ ಅಭ್ಯಾಸಬಲದಿಂದ, ಎದುರಿಗೆ ಆರು ಅಡಿಯ ಮನುಷ್ಯ ಜೀವಂತ ನಿಂತಿರುವಾಗಲೇ, “ಅಯ್ಯೋ, ತಡವಾಯಿತೇ” ಎಂದು ಎದೆ ಬಡಿದುಕೊಂಡ.

ಸಭೆ ಗೊಳ್ಳೆಂದಿತು. ವೀರಣ್ಣ ಕಣ್ಣು ತೆರೆದರು. ಕಠಾರಿ ಮೇಲೆಯೇ ಇತ್ತು. ಏನು ಮಾಡಬೇಕೆಂದು ತಿಳಿಯದೆ, ಮಾತು ಮರೆತ ಎಲ್ಲ ನಟರ ಹಾಗೆ, ಅವರು ನನ್ನ ಕಡೆ ತಿರುಗಿದರು. ಬಹಳ ದಿನಗಳ ಮೇಲೆ ಅವರಿಗೆ ನನ್ನಿಂದ ಒಂದು ಮಾತು ಬೇಕಾಗಿತ್ತು. ಪುಸ್ತಕ ಬಿಡಿಸಿದೆ. ಅದರಲ್ಲಿ ಬದುಕಿದ ದಳವಾಯಿಗೆ ಒಂದು ಸಾಲೂ ಇರಲಿಲ್ಲ. ಪುಸ್ತಕ ಮುಚ್ಚಿ, ನನಗೆ ಬಂದದ್ದನ್ನು ಪಿಸುಗುಟ್ಟಿದೆ.

“ಕುಂದರ್ರಿ ವೀರಣ್ಣ.”

ಅದು ಕೊನೆಯ ಸಾಲಿನವರೆಗೂ ಕೇಳಿತು. ನಗು ನಿಂತಿತು. ವೀರಣ್ಣ ಕಠಾರಿ ಕೆಳಗಿಟ್ಟು, ಕೋಟೆಯ ಮೆಟ್ಟಿಲಿನ ಮೇಲೆ ಕುಳಿತರು. ಸದಾನಂದನಿಗೆ ಗ್ರಾಂಥಿಕ ಭಾಷೆಯೆಲ್ಲ ಮರೆತುಹೋಗಿತ್ತು. “ಹೌದು ಮಾರಾಯ್ರೆ, ಕೂತ್ಕೊಳ್ಳಿ. ಗಡಿಬಿಡಿ ಎಂತದ್ದು? ಕಾಗದ ಓದಿ ಮೊದಲು” ಎಂದು ಪತ್ರವನ್ನು ಅವರ ಕೈಗಿತ್ತ.

ಆ ಪತ್ರದಲ್ಲಿ ಏನೂ ಬರೆದಿರಲಿಲ್ಲ. ಸತ್ತವನ ಕೈಗೆ ಹೋಗುವ ಕಾಗದಕ್ಕೆ ಅಕ್ಷರ ಯಾಕೆಂದು ಬಿಳಿ ಹಾಳೆಯನ್ನೇ ಸುತ್ತಿ ಕೊಡುತ್ತಿದ್ದೆವು. ವೀರಣ್ಣ ಅದನ್ನು ಬಿಚ್ಚಿ ಬಹಳ ಹೊತ್ತು ನೋಡಿದರು. ಆಮೇಲೆ ಓದಿದರು, ದಳವಾಯಿಯ ದನಿಯಲ್ಲಲ್ಲ, ತಮ್ಮದೇ ದನಿಯಲ್ಲಿ. “ಬಾಗಲಾ ತಗದಾಂವ ನೀನ. ತಿರುಗಿ ಮುಚ್ಚಾಕೂ ನೀನ ಬೇಕು. ಬಾ.”

ಅಷ್ಟೇ. ಹಾಳೆಯಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಮಾಸ್ತರರು ಪರದೆ ಬೀಳಿಸಿದರು. ಚಪ್ಪಾಳೆಯ ಬದಲು ಸಭೆಯಲ್ಲಿ ಗುಜುಗುಜು. ಮಂಗಳಕ್ಕೆ ಎಲ್ಲರೂ ಸಾಲಾಗಿ ನಿಂತೆವು. ಸಾಯದಿದ್ದ ವೀರಣ್ಣ ನಡುವೆ ನಿಂತರು, ಆ ಪಕ್ಕ ಸದಾನಂದ, ಈ ಪಕ್ಕ ಮೊದಲ ಸಲ ಬೆಳಕಿಗೆ ಬಂದ ನಾನು. ಹಾಡುವಾಗ ನನ್ನ ದನಿಯೇ ಎಲ್ಲರಿಗಿಂತ ಮೇಲಿತ್ತೆಂದು ಆಮೇಲೆ ದೂರು ಬಂತು.

ಕಟ್ಟಿ ಮಾಸ್ತರರು ಮೂರು ತಿಂಗಳು ಸದಾನಂದನನ್ನು ಮಾತಾಡಿಸಲಿಲ್ಲ. “ನೂರು ವರ್ಷದ ದುರಂತ ನಾಟಕಾ, ಕೊಂದ್ಬಿಟ್ಟ” ಎನ್ನುತ್ತಿದ್ದರು. ಕೊಲ್ಲಲಿ ಬಿಡಿ, ಅಂದು ಏನಾದರೂ ಒಂದು ಸಾಯಲೇಬೇಕಿದ್ದರೆ ನಾಟಕವೇ ಸಾಯಲಿ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ.

ಒಂದು ನಾಟಕದಿಂದ ಮನುಷ್ಯ ಉಳಿದ ಎಂದರೆ ನೀವು ನಂಬಬೇಡಿ, ನಾನೂ ನಂಬುವುದಿಲ್ಲ. ಅಂದು ಬಣ್ಣ ಒರೆಸುವಾಗ ವೀರಣ್ಣ ಶಾಂತಾಳಿಗೂ ನನಗೂ ಹೇಳಿದರು, “ಹೌದ್ರಿ, ವಿಚಾರ ಇತ್ತು. ಇನ್ನೂ ಐತಿ.” ಮರುದಿನ ಡಾಕ್ಟರ ಹತ್ತಿರ ಹೋದರು. ಮಾತ್ರೆ, ವಾರಕ್ಕೊಮ್ಮೆ ಮಾತುಕತೆ, ಒಂದು ವರ್ಷಕ್ಕೂ ಮೇಲೆ. ಕೆಲವು ವಾರ ಹಾಸಿಗೆಯಿಂದ ಏಳುತ್ತಿರಲಿಲ್ಲ. ನಾವು ಸರದಿಯಲ್ಲಿ ಹೋಗಿ ಕೂರುತ್ತಿದ್ದೆವು. ವಿಚಾರಣೆಯಲ್ಲಿ, ನೋಡದೆ ಸಹಿ ಮಾಡಿದ್ದು ನಿಜವೆಂದು ತಾವೇ ಹೇಳಿ ಬಂದರು. ಕೆಲಸ ಹೋಯಿತು. ಆ ಫೋನಿನ ವಿಷಯ ನಾನು ಎತ್ತಿದಾಗ ಮಾತ್ರ, “ಸಹಿ ಮಾಡಿದ ಕೈ ನಂದು, ನೀವ್ಯಾಕ ಹೊರತೀರಿ” ಎಂದು ನನ್ನನ್ನೇ ಗದರಿಸಿದರು.

ಆ ದಿನಗಳಲ್ಲೇ ಒಮ್ಮೆ ಯಮನಪ್ಪನನ್ನು ನೋಡಲು ಹೋದೆವು. ಅವನು ಕಾಲಿಗೆ ಪ್ಲಾಸ್ಟರ್ ಹಾಕಿಕೊಂಡು ಕುಳಿತಿದ್ದ. ವೀರಣ್ಣ ಕೈಮುಗಿದು, ನನಗೆ ಬದುಕುವ ಯೋಗ್ಯತೆ ಇಲ್ಲವೆಂದು ಏನೋ ಶುರುಮಾಡಿದರು. ಯಮನಪ್ಪ ನಡುವೆಯೇ ತಡೆದ.

“ಸಾಹೇಬ್ರ, ನಿಮ್ಮ ಮ್ಯಾಲ ನಂಗ ಸಿಟ್ಟ ಐತಿ, ಸುಳ್ಳ್ಯಾಕ ಹೇಳ್ಲಿ. ಆದ್ರ ನೀವು ಸತ್ರ ನನ್ನ ಕಾಲು ನೆಟ್ಟಗಾಗ್ತೈತೇನ್ರಿ? ನಾಕ್ ದಿನಕ್ಕೊಮ್ಮೆ ಬಂದು ದವಾಖಾನಿಗೆ ಕರಕೊಂಡ್ ಹೋಗ್ರಿ. ಈಗ ಚಾ ಕುಡೀರಿ.”

ಮಾನದ ಬಗ್ಗೆ ದಳವಾಯಿ ಹೇಳಿದ ಅರ್ಧ ಗಂಟೆಯ ಮಾತು ನನಗೆ ಈಗಲೂ ಬಾಯಿಪಾಠ. ಅದಕ್ಕಿಂತ ಈ ಮಾತು ಮೇಲು. ವೀರಣ್ಣ ಆರು ತಿಂಗಳು ಅವನನ್ನು ಕರೆದುಕೊಂಡು ತಿರುಗಿದರು. ಈಗ ಅವರು ನಮ್ಮ ಕಡೆಯಿಂದ ಗಾರೆ ಕೆಲಸಕ್ಕೆ ಬರುವ ಗೌಂಡಿಗಳಿಗೆ ನಕ್ಷೆ ಓದುವುದನ್ನು ಕಲಿಸುತ್ತಾರೆ. ಮೊದಲ ಪಾಠವೇ, ಗೋಡೆ ಮುಟ್ಟದೆ ಸಹಿ ಮಾಡಬೇಡಿ ಎಂಬುದು. ತಮ್ಮ ಕಥೆಯನ್ನೇ ಹೆಸರು ಸಮೇತ ಹೇಳುತ್ತಾರೆ.

ಕಠಾರಿಯನ್ನು ಅವರು ಆ ಮಂಗಳದ ಹೊತ್ತಿಗೇ ನನ್ನ ಕೈಗೆ ಕೊಟ್ಟಿದ್ದರು. “ಇದು ನಿಮ್ಮ ಹಂತ್ಯಾಕ ಇರಲಿ” ಎಂದಿದ್ದರು. ಪ್ರತಿ ವರ್ಷ ಮಳೆ ಹಿಡಿದಾಗ, ಆ ಗೋಡೆ ಬಿದ್ದ ವಾರದಲ್ಲಿ, ಅವರ ಮನಸ್ಸು ಒಂದಿಷ್ಟು ಕೆಳಗೆ ಬೀಳುತ್ತದೆ. ಆಗ ಫೋನು ಮಾಡುತ್ತಾರೆ. ಚೆನ್ನಾಗಿದ್ದೀರಾ ಎಂದೆಲ್ಲ ಕೇಳುವುದಿಲ್ಲ. “ಅಕ್ಕಾರ, ಕಠಾರಿ ಎಲ್ಲೈತ್ರಿ?” ಎನ್ನುತ್ತಾರೆ. “ಕಿಟಕಿ ಹಿಡಕೊಂಡೈತಿ” ಎನ್ನುತ್ತೇನೆ. ಅಲ್ಲಿಂದ ಮಾತು ಶುರುವಾಗುತ್ತದೆ. ಒಮ್ಮೊಮ್ಮೆ ಹತ್ತು ನಿಮಿಷ, ಒಮ್ಮೊಮ್ಮೆ ನಾನು ಅವರ ಮನೆಗೆ ಹೋಗಲು ಪವಾಯಿಯ ಬಸ್ಸು ಹತ್ತುವ ತನಕ.

ಮೊನ್ನೆ ಇದಿಷ್ಟನ್ನೂ ಅನ್ವಿಗೆ ಹೇಳಿದೆ. ಅವಳು ಪೆನ್ಸಿಲ್ ಇಟ್ಟು ಕೇಳುತ್ತಿದ್ದಳು. ಐದು ಅಂಕದ ಉತ್ತರ ಏನು ಬರೆಯಲಿ ಎಂದಳು. ಟೀಚರಿಗೆ ಬೇಕಾದದ್ದು ಬರೆ, ಆದರೆ ಕೊನೆಗೆ ಒಂದು ಸಾಲು ಸೇರಿಸು, ಅವನ ಪಕ್ಕದಲ್ಲಿ ಕೂತು ಕೇಳುವವರು ಯಾರೂ ಇರಲಿಲ್ಲ ಎಂದು, ಎಂದೆ. ಬರೆದುಕೊಂಡಳು. ನಾನು ಸೀದ ಒಗ್ಗರಣೆ ಚೆಲ್ಲಿ ಬೇರೆ ಹಾಕಲು ನಿಂತೆ.

ಈ ವಾರ ಮಳೆ ಹಿಡಿಯಿತು. ನಿನ್ನೆ ನಾನು ಸ್ನಾನಕ್ಕೆ ಹೋಗಿದ್ದಾಗ ಫೋನು ಬಂತು. ಅನ್ವಿ ಎತ್ತಿದಳು. ಸ್ಪೀಕರ್ ಹಾಕಿಯೇ ಮಾತಾಡುವುದು ಅವಳ ರೂಢಿ, ಬಚ್ಚಲಿಗೂ ಕೇಳುತ್ತಿತ್ತು.

“ಅಕ್ಕಾರ, ಕಠಾರಿ ಎಲ್ಲೈತ್ರಿ?” ವೀರಣ್ಣನವರ ದನಿ ಬಹಳ ಸಣ್ಣಗಿತ್ತು.

“ಅಂಕಲ್, ನಾನು ಅನ್ವಿ. ಕಠಾರಿ... ಅದು ಕಿಟಕಿ ಹಿಡಿದಿದೆ.” ಆಮೇಲೆ ತನಗೆ ಬರುವ ಕನ್ನಡವನ್ನೆಲ್ಲ ಕೂಡಿಹಾಕಿ ಹೇಳಿದಳು, “ಅಂಕಲ್, ಫೋನ್ ಇಡಬೇಡಿ. ಅಜ್ಜಿ ಬರ್ತಾಳೆ. ನೀವು ಥೋಡಾ ವೇಟ್ ಮಾಡಿ. ನಾನೂ ಇಲ್ಲೇ ಕೂತಿದ್ದೀನಿ.”

ನಾನು ಒದ್ದೆ ಮೈಗೇ ಸೀರೆ ಸುತ್ತಿಕೊಳ್ಳುತ್ತಿದ್ದೆ.

“ಮಾಡ್ತೇನವಾ,” ಎಂದರು ವೀರಣ್ಣ. “ನಿಮ್ಮಜ್ಜಿಗೆ ಅವಸರಾ ಮಾಡಬ್ಯಾಡ ಅಂತ ಹೇಳು. ನಾ ವೇಟ್ ಮಾಡ್ತೇನಿ.”